ಮುಂಬಯಿಯ ಚಿತ್ರಶಾಲೆಗಳಲ್ಲಿ ಒಂದು ಹಗಲು

ಮುಂಬಯಿಯಲ್ಲಿ ಈ ವಾರ ನೋಡತಕ್ಕ ಚಿತ್ರಪ್ರದರ್ಶನಗಳಾವುವು ಎಂದು ಯಾರಾದರೂ ಕೇಳಿದರೆ ಉತ್ತರವು ಮಂಗಳವಾರದಿಂದ ಆರಂಭವಾಗಬೇಕು. ಆ ನಗರದ ಜಹಾಂಗೀರ್ ಕಲಾಶಾಲೆಯಲ್ಲಿ ಸಾಮಾನ್ಯವಾಗಿ ಪ್ರದರ್ಶನವೊಂದು ಮಂಗಳವಾರ ತೆರೆದು ಮುಂದಿನ ಸೋಮವಾರ ಮುಗಿಯುತ್ತದೆ. ಸೋಮವಾರ ಸಂಜೆ ಗೋಡೆಯಿಂದಿಳಿದ ಚಿತ್ರಗಳು ಟೆಂಪೊ ಏರುತ್ತವೆ. ಮರುದಿನ ಮುಂಜಾನೆ ಬೇರೊಬ್ಬ ಕಲಾವಿದನ ಚಿತ್ರಗಳು ಅದೇ ಮೊಳೆಗಳಿಗೆ ತೂಗುತ್ತವೆ. ಊರೂರಿನಲ್ಲಿ ವಾರದ ಸಂತೆ ಹೇಗೋ ಹಾಗೆ ಇದು ಚಿತ್ರಗಳ ಸಂತೆ. ಆದುದರಿಂದ ವಾಚಕರು ಈ ಲೇಖನವನ್ನು ಯಾವ ವಾರ ಓದಿದರೂ, ಅಲ್ಲಿ ಹೊಸದಾಗಿ ನೋಡತಕ್ಕದ್ದು ಏನಾದರೂ ಇದ್ದೇ ಇರುತ್ತದೆ. ಯಾವ ಕಲಾವಿದನ ಸರದಿ ಎಂಬುದು ಮಾತ್ರ ಬದಲಾಗುತ್ತದೆ.

ಸೋಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ನಮಗೆ ಮುಂಬಯಿಯೆಂದರೆ ಆಸ್ಪತ್ರೆ, ಮಂತ್ರಾಲಯ, ಇಲ್ಲವೆ ಉಚ್ಚ ನ್ಯಾಯಾಲಯ. ನನ್ನಂಥ ವಕೀಲರು ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ, ಬೆಳಗ್ಗೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಮುಖ ತೊಳೆದು, ಫೈಲು ಬಗಲಲ್ಲಿಟ್ಟು ನಡೆದು ಹೋಗುತ್ತಿದ್ದ ದಾರಿ ಅದು. 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಕಾರ್ಯಾರಂಭ ಮಾಡಿದ್ದು, ಸೋಲಾಪುರ ಹಾಗೂ ಸಾಂಗಲಿ ಜಿಲ್ಲೆಗಳ ಮೊಕದ್ದಮೆಗಳು ಅತ್ತ ಹೊರಳಿವೆ. ಕಕ್ಷಿದಾರರಿಗೆ ಇದರಿಂದ ಒಳ್ಳೆಯದೇ ಆಯಿತು. ಆದರೆ ಮುಂಬಯಿಗೆ ಹೋಗಲು ನಮಗಿದ್ದ ಕಾರಣಗಳಲ್ಲಿ ಒಂದು ಕಡಿಮೆಯಾಯಿತು. ಇನ್ನು ಹೋಗುವುದಾದರೆ ಬೇನೆ, ಅರ್ಜಿ, ತಕರಾರುಗಳಿಲ್ಲದೆ, ಕೇವಲ ಕಣ್ಣಿಗಾಗಿ, ಮಕ್ಕಳ ಕೈಹಿಡಿದು ಒಮ್ಮೆ ಹೋಗಿಬರಬೇಕೆಂಬುದು ನನ್ನ ಸೂಚನೆ.

ನಿಲ್ದಾಣದಿಂದ ದಕ್ಷಿಣಕ್ಕೆ ಇಪ್ಪತ್ತು-ಇಪ್ಪತ್ತೈದು ನಿಮಿಷ ನಡೆದರೆ ಕಾಳಾ ಘೋಡಾ ಎಂಬ ಚೌಕ ಸಿಗುತ್ತದೆ. ಬ್ರಿಟಿಷ್ ಯುವರಾಜನೊಬ್ಬ, ಮುಂದೆ ಏಳನೆಯ ಎಡ್ವರ್ಡ್ ಎಂದು ಪಟ್ಟಕ್ಕೆ ಬಂದವನು, ಕುದುರೆಯೇರಿ ಕುಳಿತ ಕಪ್ಪು ಪ್ರತಿಮೆಯೊಂದು ಇಲ್ಲಿತ್ತು. ಜನ ರಾಜನ ಹೆಸರನ್ನು ಮರೆತು ಕುದುರೆಯ ಬಣ್ಣವನ್ನು ನೆನಪಿಟ್ಟುಕೊಂಡರು. ಚೌಕಕ್ಕೆ ಕರಿಕುದುರೆಯ ಹೆಸರೇ ನಿಂತಿತು. 1965ರಲ್ಲಿ ಪ್ರತಿಮೆಯನ್ನು ತೆಗೆದು ಭಾಯಖಳಾದ ರಾಣಿಬಾಗಿಗೆ ಸಾಗಿಸಿದರು. 2017ರಲ್ಲಿ ಅಲ್ಲಿ ಮತ್ತೊಂದು ಕಪ್ಪು ಕುದುರೆ ಬಂದು ನಿಂತಿದೆ. ಇದರ ಬೆನ್ನ ಮೇಲೆ ಯಾರೂ ಇಲ್ಲ. ಮಕ್ಕಳಿಗೆ ಇತಿಹಾಸದ ಪಾಠವೊಂದನ್ನು ಇಲ್ಲಿ ನಿಂತೇ ಹೇಳಬಹುದು: ಅರಸ ಹೋದ, ಕುದುರೆ ಉಳಿಯಿತು.

ಚೌಕದಿಂದ ಕೂಗಳತೆಯಲ್ಲಿರುವ ಜಹಾಂಗೀರ್ ಕಲಾಶಾಲೆ 1952ರಲ್ಲಿ ಕಟ್ಟಿದ್ದು. ಸರ್ ಕಾವಸಜಿ ಜಹಾಂಗೀರರು ತೀರಿಹೋದ ತಮ್ಮ ಮಗನ ನೆನಪಿಗಾಗಿ ಇದಕ್ಕೆ ಹಣ ಕೊಟ್ಟರು. ಕಟ್ಟಬೇಕೆಂದು ಅವರನ್ನು ಒತ್ತಾಯಿಸಿದವರಲ್ಲಿ ಇಬ್ಬರ ಹೆಸರು ಮುಖ್ಯ. ಒಬ್ಬರು ಅಣುವಿಜ್ಞಾನಿ ಹೋಮಿ ಭಾಭಾ. ಇನ್ನೊಬ್ಬರು ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು. ಹೆಬ್ಬಾರರು ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಮುಂಬಯಿಯಲ್ಲೇ ಬಾಳಿ 1996ರಲ್ಲಿ ತೀರಿಕೊಂಡರು. ಈ ಕಟ್ಟಡದ ಮುಂದೆ ಕಾಂಕ್ರೀಟಿನ ಅಲೆಯಲೆಯಾದ ಚಾವಣಿ ಚಾಚಿಕೊಂಡಿದೆ. ಅದರ ಕೆಳಗೆ ನಿಂತಾಗ, ಒಳಗೆ ಕಾಲಿಡಲು ಅಂಜುವ ನಮ್ಮ ಕಡೆಯ ಹುಡುಗರಿಗೆ ಒಂದು ಸಂಗತಿಯನ್ನು ತಿಳಿಸಬೇಕು: ಇಂಥದೊಂದು ಬಾಗಿಲು ಇರಬೇಕೆಂದು ಪಟ್ಟುಹಿಡಿದವರಲ್ಲಿ ಕನ್ನಡ ನೆಲದವರೊಬ್ಬರಿದ್ದರು. ಪ್ರವೇಶಕ್ಕೆ ಹಣವಿಲ್ಲ, ಯಾರ ಚೀಟಿಯೂ ಬೇಡ.

ನಮ್ಮ ಜಿಲ್ಲೆಗೆ ಇನ್ನೂ ಹತ್ತಿರದ ನಂಟೊಂದಿದೆ. ಎಂ. ಎಫ್. ಹುಸೇನರು ಹುಟ್ಟಿದ್ದು 1915ರಲ್ಲಿ, ಪಂಢರಪುರದಲ್ಲಿ. ಮುಂಬಯಿಗೆ ಬಂದು ಸಿನೆಮಾದ ದೊಡ್ಡ ಫಲಕಗಳಿಗೆ ಬಣ್ಣ ಬಳಿದು ಹೊಟ್ಟೆ ಹೊರೆದರು. 1947ರಲ್ಲಿ ಸೂಜಾ, ರಝಾ, ಆರಾ ಮೊದಲಾದ ಗೆಳೆಯರೊಡನೆ ಕೂಡಿ ಪ್ರಗತಿಶೀಲ ಕಲಾವಿದರ ಗುಂಪನ್ನು ಕಟ್ಟಿದರು. ಭಾರತದ ಆಧುನಿಕ ಚಿತ್ರಕಲೆಯ ಮಾತೆತ್ತಿದರೆ ಆ ಗುಂಪಿನ ಹೆಸರು ಬರದೆ ಇರದು.

ವಕೀಲನಾದ ನನಗೆ ಜಹಾಂಗೀರ್ ಕಲಾಶಾಲೆ ಬೇರೊಂದು ಕಾರಣಕ್ಕೂ ಸ್ಮರಣೀಯ. 1954ರಲ್ಲಿ ಅಕಬರ ಪದಮಸಿ ಎಂಬ ತರುಣ ಇಲ್ಲಿ ತನ್ನ ಚಿತ್ರಗಳನ್ನು ತೂಗುಹಾಕಿದಾಗ, ಪ್ರೇಮಿಗಳನ್ನು ಕುರಿತ ಎರಡು ಚಿತ್ರಗಳು ಅಶ್ಲೀಲವೆಂದು ಪೊಲೀಸರು ತಕರಾರು ಮಾಡಿದರು. ತೆಗೆಯುವುದಿಲ್ಲವೆಂದು ಆತ ನಿಂತ. ಖಟ್ಲೆ ನಡೆಯಿತು; ಕೆಳಗಿನ ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿತು. ಸರಕಾರ ಮೇಲ್ಮನವಿ ಹೋಯಿತು. ಇಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿರುವ ಉಚ್ಚ ನ್ಯಾಯಾಲಯವೂ ಆ ಬಿಡುಗಡೆಯನ್ನೇ ಎತ್ತಿಹಿಡಿಯಿತು. ಮಕ್ಕಳನ್ನು ಕರೆದೊಯ್ದಾಗ ಇಂಥ ಚಿತ್ರ ಎದುರಾದರೆ ಏನು ಮಾಡಬೇಕೆಂದು ತಾಯ್ತಂದೆಯರು ಕೇಳುವುದುಂಟು. ನನ್ನ ಉತ್ತರ ಸರಳವಾದುದು. ಗುಡಿಯ ಹೊರಗೋಡೆಯ ಶಿಲ್ಪದ ಮುಂದೆ ನಾವು ಹೇಗೆ ನಡೆದುಕೊಳ್ಳುತ್ತೇವೆಯೋ ಹಾಗೆಯೇ ಇಲ್ಲಿಯೂ ನಡೆದುಕೊಳ್ಳಬೇಕು: ಗಾಬರಿಯಿಲ್ಲದೆ ನೋಡಿ, ಕೇಳಿದರೆ ಹೇಳಿ, ಕೇಳದಿದ್ದರೆ ಮುಂದೆ ನಡೆಯಬೇಕು.

ಕಲಾಶಾಲೆಯ ಹೊರಗೆ ಪಾದಚಾರಿ ದಾರಿಯ ಮೇಲೂ ಚಿತ್ರಗಳಿವೆ. ಒಳಗಿನ ಗೋಡೆಗೆ ಸರದಿ ಸಿಗದವರು, ಸಿಗುವವರೆಗೆ ಕಾಯಲಾರದವರು ಇಲ್ಲಿ ಕುಳಿತು ಬರೆಯುತ್ತಾರೆ, ಮಾರುತ್ತಾರೆ. ಎಷ್ಟೋ ಮಕ್ಕಳು ಒಳಗಿನದಕ್ಕಿಂತ ಇಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಏಕೆಂದರೆ ಒಳಗೆ ಇರುವುದು ಮುಗಿದ ಚಿತ್ರ, ಹೊರಗೆ ಇರುವುದು ಮೂಡುತ್ತಿರುವ ಚಿತ್ರ. ಪೆನ್ಸಿಲು ಮೂಗಿನಿಂದ ಕೆನ್ನೆಗೆ ಇಳಿಯುವುದನ್ನು ಕಣ್ಣಾರೆ ಕಾಣುವುದು ಯಾವ ಪಾಠಪುಸ್ತಕದಿಂದಲೂ ಸಾಧ್ಯವಿಲ್ಲ.

ರಸ್ತೆಯ ಆಚೆ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಇದೂ ಕಾವಸಜಿ ಜಹಾಂಗೀರರ ಮನೆತನದ ಹೆಸರಿನಲ್ಲಿದ್ದ ಹಳೆಯ ಸಾರ್ವಜನಿಕ ಸಭಾಭವನ. ಭಾಷಣ, ಸಂಗೀತಗಳಿಗೆಂದು ಕಟ್ಟಿದ್ದ ಆ ಭವನದ ಹೊರಮೈಯನ್ನು ಹಾಗೆಯೇ ಉಳಿಸಿ, ಒಳಗನ್ನು ಅರ್ಧವರ್ತುಲದ ಮಜಲುಗಳಾಗಿ ಮಾರ್ಪಡಿಸಿ 1996ರಲ್ಲಿ ತೆರೆದರು. ಮೆಟ್ಟಿಲೇರಿದಂತೆ ಪ್ರದರ್ಶನವೂ ಸುತ್ತುತ್ತ ಮೇಲೇರುತ್ತದೆ. ಕೊನೆಗೆ ಗುಮ್ಮಟದ ಕೆಳಗೆ ಬಂದು ನಿಲ್ಲುತ್ತೇವೆ. ಇದು ಭಾರತ ಸರಕಾರದ ಸಂಸ್ಥೆ, ಅಂದರೆ ನಮ್ಮೆಲ್ಲರ ತೆರಿಗೆಯಿಂದ ನಡೆಯುವಂಥದು. ಸೋಮವಾರ ರಜೆ. ಅಲ್ಪ ಪ್ರವೇಶಶುಲ್ಕವುಂಟು.

ಅದರ ಎದುರಿಗೆ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ. 1905ರಲ್ಲಿ ಅಡಿಗಲ್ಲಿಟ್ಟು, ಮೊದಲ ಮಹಾಯುದ್ಧದಲ್ಲಿ ಸೈನಿಕರ ಆಸ್ಪತ್ರೆಯಾಗಿ ಬಳಸಿ, 1922ರಲ್ಲಿ ಜನರಿಗೆ ತೆರೆದ ಕಟ್ಟಡವಿದು. ಒಳಗೆ ಹೋಗಿ ಕತ್ತೆತ್ತಿದರೆ, ಒಂದನ್ನೊಂದು ಹಾಯುವ ಕಮಾನುಗಳು ವಿಜಯಪುರದ ಗೋಳಗುಮ್ಮಟವನ್ನು ನೆನಪಿಸುತ್ತವೆ. ಶಾಲೆಯ ಪ್ರವಾಸದಲ್ಲಿ ಗೋಳಗುಮ್ಮಟದ ಪಿಸುಮಾತಿನ ಮಾಳಿಗೆಯಲ್ಲಿ ಕೂಗಿ ಬಂದ ನಮ್ಮ ಮಕ್ಕಳು ಇದನ್ನು ಯಾರೂ ಹೇಳದೆಯೇ ಗುರುತಿಸುತ್ತಾರೆ.

ಪುರಾತನ ವಸ್ತುಗಳಿಗೆ ಹೆಸರಾದ ಈ ಸಂಗ್ರಹಾಲಯದಲ್ಲಿ ಇಂದಿನ ಕಲೆಗೂ ಒಂದು ಭಾಗ ಮೀಸಲಾಗಿದೆ. ಜಹಾಂಗೀರ್ ನಿಕೋಲ್ಸನ್ ಎಂಬ ಹತ್ತಿ ವ್ಯಾಪಾರಿ 1960ರ ದಶಕದ ಕೊನೆಯಿಂದ ಆಧುನಿಕ ಚಿತ್ರಗಳನ್ನು ಕೊಳ್ಳತೊಡಗಿ, 2001ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸುಮಾರು 800 ಕೃತಿಗಳನ್ನು ಕೂಡಿಹಾಕಿದ್ದರು. ಆ ಸಂಗ್ರಹ 2011ರಿಂದ ಇಲ್ಲಿದೆ. ಅದರಿಂದ ಆಯ್ದ ಕೃತಿಗಳ ಪ್ರದರ್ಶನಗಳು ಆಗಾಗ ಬದಲಾಗುತ್ತಿರುತ್ತವೆ. ಹತ್ತಿಯ ಹಣ ಗಿರಣಿಯಾಗಬಲ್ಲದೆಂಬುದನ್ನು ಸೋಲಾಪುರದವರಾದ ನಾವು ಬಲ್ಲೆವು. ಗಿರಣಿಗಳು ಮುಚ್ಚಿದುದನ್ನೂ ಬಲ್ಲೆವು. ಅದೇ ಹಣ ಚಿತ್ರಶಾಲೆಯೂ ಆಗಬಲ್ಲದೆಂಬುದನ್ನು ಇಲ್ಲಿ ಕಾಣಬೇಕು. ಚಿಕ್ಕ ಮಕ್ಕಳಿಗಾಗಿಯೇ 2019ರಲ್ಲಿ ತೆರೆದ ಪ್ರತ್ಯೇಕ ಮಕ್ಕಳ ಸಂಗ್ರಹಾಲಯವೂ ಇದೇ ಆವರಣದಲ್ಲಿದೆ.

ಇಷ್ಟರ ಆಚೆಗೆ ಖಾಸಗಿ ಚಿತ್ರಶಾಲೆಗಳ ಲೋಕ. 1963ರಲ್ಲಿ ಕೇಕೂ ಮತ್ತು ಖುರ್ಷಿದ್ ಗಾಂಧಿ ದಂಪತಿಗಳು ಜಹಾಂಗೀರ್ ಕಟ್ಟಡದ ಮೇಲಂತಸ್ತಿನಲ್ಲಿ ಆರಂಭಿಸಿದ ಕೆಮೋಲ್ಡ್ ಚಿತ್ರಶಾಲೆ ಈಗ ಫೋರ್ಟ್ ಭಾಗದ ಪ್ರೆಸ್ಕಾಟ್ ರಸ್ತೆಯಲ್ಲಿದೆ. ತಾಜ್ ಹೋಟೆಲಿನ ಹಿಂದಿನ ಕುಲಾಬಾದ ಓಣಿಗಳಲ್ಲಿ ಝವೇರಿ ಕಂಟೆಂಪರರಿ, ಪ್ರಾಜೆಕ್ಟ್ 88, ಚಟರ್ಜಿ ಅಂಡ್ ಲಾಲ್ ಮೊದಲಾದವು ಹಳೆಯ ಕಟ್ಟಡಗಳಲ್ಲಿವೆ. ಪ್ರಾಜೆಕ್ಟ್ 88 ಇರುವುದು ಒಂದು ಕಾಲದ ಮುದ್ರಣಾಲಯದಲ್ಲಿ. ಬಾಗಿಲು ಹೊರಗಿನಿಂದ ಮುಚ್ಚಿದಂತೆ ಕಾಣುತ್ತದೆ. ಗಂಟೆ ಒತ್ತಿದರೆ ತೆರೆಯುತ್ತಾರೆ. ಇವು ಮಾರಾಟದ ಅಂಗಡಿಗಳೇ ಆದರೂ ನೋಡುವುದಕ್ಕೆ ಕಾಸಿಲ್ಲ, ಕೊಳ್ಳಬೇಕೆಂಬ ಕಟ್ಟುಪಾಡೂ ಇಲ್ಲ. ಭಾನುವಾರ ಸಾಮಾನ್ಯವಾಗಿ ಮುಚ್ಚಿರುತ್ತವೆ.

ಇಂಥದೊಂದು ಚಿತ್ರಶಾಲೆಗೆ ನನ್ನ ತಂಗಿಯ ಮಗಳನ್ನು ಕರೆದುಕೊಂಡು ಹೋಗಿದ್ದೆ. ಕನ್ನಡ ಮಾಧ್ಯಮದ ಎಂಟನೆಯ ತರಗತಿಯ ಹುಡುಗಿ. ಮುಂದಿನ ವರ್ಷ ಮಾಧ್ಯಮ ಬದಲಿಸಬೇಕೋ ಬೇಡವೋ ಎಂಬ ಚರ್ಚೆ ಮನೆಯಲ್ಲಿ ನಡೆದಿತ್ತು. ಒಳಗೆ ತಂಪು ಗಾಳಿ, ಬಿಳಿ ಗೋಡೆ, ಮಾತಿಲ್ಲದ ಮೌನ. ಗೋಡೆಯ ಬರಹವೆಲ್ಲ ಇಂಗ್ಲಿಷಿನಲ್ಲಿ. ಆಕೆ ನನ್ನ ಅಂಗಿ ಜಗ್ಗಿ ಪಿಸುಗುಟ್ಟಿದಳು: "ಮಾಮಾ, ಇಲ್ಲಿ ಕನ್ನಡ ಮಾತಾಡಿದರ ನಡೀತದೇನು?"

ನಾನು ಇಪ್ಪತ್ತು ವರ್ಷದಿಂದ ಸಾಕ್ಷಿಗಳ ಮಾತು ಕೇಳುತ್ತ ಬಂದವನು. ಅಂಜಿಕೆಯಿಂದ ಬಂದ ಪ್ರಶ್ನೆಯಾವುದು, ಕುತೂಹಲದ್ದಾವುದು ಎಂಬುದು ದನಿಯಲ್ಲೇ ತಿಳಿಯುತ್ತದೆ. ಆ ಮಗು ಅನುಮತಿ ಕೇಳುತ್ತಿತ್ತು. ತನ್ನ ಮಾತು ಮನೆಗೆ, ಓಣಿಗೆ, ಶಾಲೆಗೆ ಸಾಕು, ಇಂಥ ಜಾಗಕ್ಕೆ ಸಲ್ಲದು ಎಂದು ಯಾರೂ ಹೇಳಿಕೊಡದಿದ್ದರೂ ಅದು ಕಲಿತುಬಿಟ್ಟಿತ್ತು. "ಜೋರಾಗಿ ಮಾತಾಡು" ಎಂದೆ.

ಎದುರಿಗೆ ನೇಯ್ದ ಕೃತಿಯೊಂದು ತೂಗುತ್ತಿತ್ತು. ಮೇಲೆ ಬಿಗಿಯಾಗಿ ಆರಂಭವಾದ ನೇಯ್ಗೆ ನಡುವಿನಲ್ಲಿ ಸಡಿಲಾಗಿ, ಎಳೆಗಳು ಹೊಳೆಯ ಕವಲಿನಂತೆ ಅತ್ತಿತ್ತ ಸರಿದಿದ್ದವು. ಆಕೆ ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು: "ಇಲ್ಲಿತನಕ ಹಣಿಗೆ ಐತಿ. ಇಲ್ಲಿಂದ ಹಣಿಗೆ ತಗದಾರ. ಅದಕ್ಕ ಹಾಸಿನ ಎಳಿ ಸರದಾವ." ಅವಳ ಅಜ್ಜನ ಮನೆಯಲ್ಲಿ ಕೈಮಗ್ಗವಿದೆ, ಹಣಿಗೆ, ಲಾಳಿ, ಹಾಸು, ಹೊಕ್ಕುಗಳು ಆಕೆಗೆ ಅಕ್ಷರಕ್ಕಿಂತ ಮೊದಲೇ ಬಂದ ಮಾತುಗಳು. ಕೈ ಮುಂದೆ ಚಾಚಿದುದನ್ನು ಕಂಡು ಮುಟ್ಟಬಾರದೆಂದು ಹೇಳಲು ಬಂದ ಚಿತ್ರಶಾಲೆಯ ಸಹಾಯಕನಿಗೆ ಆ ಮಾತನ್ನು ಮರಾಠಿಯಲ್ಲಿ ತಿಳಿಸಿದೆ. ಆತ ಒಮ್ಮೆ ಕೃತಿಯನ್ನೂ ಒಮ್ಮೆ ಹುಡುಗಿಯನ್ನೂ ನೋಡಿ, ಒಳಕೋಣೆಯಲ್ಲಿದ್ದ ಇನ್ನೊಂದು ನೇಯ್ಗೆಯನ್ನು ತೋರಿಸಲು ಕರೆದೊಯ್ದ. ಹಣಿಗೆಯನ್ನು ತೆಗೆದು ಹಾಸಿನ ಎಳೆಗಳಿಗೆ ಸ್ವಾತಂತ್ರ್ಯ ಕೊಡುವುದು ಮುಂಬಯಿಯ ಹಿರಿಯ ಕಲಾವಿದೆ ಮೋನಿಕಾ ಕೊರಿಯಾ ಅವರ ಹೆಸರುವಾಸಿಯಾದ ಕ್ರಮವೆಂದು ನಾನು ಓದಿ ತಿಳಿದದ್ದು ಆಮೇಲೆ. ಹುಡುಗಿ ಓದದೆಯೇ ತಿಳಿದಿದ್ದಳು.

ಇದರಿಂದ ಇಂಗ್ಲಿಷು ಬೇಡವೆಂದು ನಾನು ವಾದಿಸುತ್ತಿಲ್ಲ. ಬೇಕು, ಚೆನ್ನಾಗಿಯೇ ಬರಬೇಕು. ಮರಾಠಿಯಂತೂ ನಮ್ಮ ರಾಜ್ಯದ ಭಾಷೆ, ನೆರೆಯವರ ಭಾಷೆ. ಆದರೆ ಕನ್ನಡ ಶಾಲೆಯಿಂದ ಮಗುವನ್ನು ಬಿಡಿಸುವ ತಾಯ್ತಂದೆಯರು ಕೊಡುವ ಕಾರಣ ಬಹುಪಾಲು ಒಂದೇ: ದೊಡ್ಡ ಊರಿನಲ್ಲಿ ಈ ಮಗು ಬಾಯಿ ಬಿಡಲಾರದು. ಚಿತ್ರಶಾಲೆಯಲ್ಲಿ ಆ ಕಾರಣವನ್ನು ಪರೀಕ್ಷೆಗೆ ಒಡ್ಡಬಹುದು. ಅಲ್ಲಿ ಮೊದಲು ಬೇಕಾದುದು ಕಣ್ಣು. ಆಮೇಲೆ ಕಂಡುದಕ್ಕೆ ಸರಿಯಾದ ಹೆಸರು. ಆ ಹೆಸರುಗಳು ಮಗುವಿಗೆ ಯಾವ ಭಾಷೆಯಲ್ಲಿ ಹೇರಳವಾಗಿವೆಯೋ ಆ ಭಾಷೆಯಲ್ಲಿಯೇ ಅದು ಆಳವಾಗಿ ನೋಡುತ್ತದೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. ಸೌಕರ್ಯವನ್ನು ಕಾಯಿದೆ ಕೊಡಬಹುದು. ಮಾತೃಭಾಷೆಯಲ್ಲಿ ಬಾಯಿಬಿಡುವ ಧೈರ್ಯವನ್ನು ಮನೆಯವರೇ ಕೊಡಬೇಕು.

ದಿನ ಇನ್ನೂ ಉಳಿದಿದ್ದರೆ ಭಾಯಖಳಾದ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯಕ್ಕೆ ಹೋಗಬೇಕು. ಬುಧವಾರ ಅಲ್ಲಿ ರಜೆ. 1872ರ ಈ ಕಟ್ಟಡ ಜೀರ್ಣೋದ್ಧಾರಗೊಂಡು 2008ರಲ್ಲಿ ಮತ್ತೆ ತೆರೆಯಿತು; ಆ ಕೆಲಸಕ್ಕೆ ಯುನೆಸ್ಕೊ ಪ್ರಶಸ್ತಿಯೂ ಬಂದಿದೆ. ಬಗೆಬಗೆಯ ಕಸುಬಿನವರ ಮಣ್ಣಿನ ಗೊಂಬೆಗಳು, ಹಳೆಯ ಮುಂಬಯಿಯ ಮಾದರಿಗಳು ಗಾಜಿನ ಪೆಟ್ಟಿಗೆಗಳಲ್ಲಿವೆ. ಇಂದಿನ ಕಲಾವಿದರನ್ನು ಕರೆಸಿ, ಈ ಹಳೆಯ ವಸ್ತುಗಳ ನಡುವೆಯೇ ಹೊಸ ಕೃತಿಗಳನ್ನು ಇರಿಸುವ ಪರಿಪಾಠವನ್ನು ಅವರು ಬೆಳೆಸಿದ್ದಾರೆ. 2010ರಲ್ಲಿ ಹೀಗೆ ಬಂದವರು ಸುದರ್ಶನ ಶೆಟ್ಟಿ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ, ಯಕ್ಷಗಾನ ಕಲಾವಿದರ ಮಗ. ಬಾಂದ್ರಾ-ಕುರ್ಲಾ ಸಂಕುಲದಲ್ಲಿ ಉಕ್ಕಿನ ರೆಕ್ಕೆ ಮೂಡಿ ನಿಂತಿರುವ ಡಬಲ್ ಡೆಕ್ಕರ್ ಬಸ್ಸು ಇವರದೇ ಕೃತಿ. 2011ರಲ್ಲಿ ಬಂದವರು ಕುಂದಾಪುರದ ಹತ್ತಿರದ ಕೋಟೇಶ್ವರದ ಎಲ್. ಎನ್. ತಲ್ಲೂರು, ಮೈಸೂರಿನ ಕಲಾಶಾಲೆಯಲ್ಲಿಯೂ ಬರೋಡದಲ್ಲಿಯೂ ಕಲಿತವರು. ಕನ್ನಡದ ಕರಾವಳಿಯ ಇಬ್ಬರು ಒಂದೇ ಅಂಗಳದಲ್ಲಿ ಒಂದು ವರ್ಷದ ಅಂತರದಲ್ಲಿ ತಮ್ಮ ಕೆಲಸವನ್ನು ಇಟ್ಟರೆಂಬುದು ನಮ್ಮ ಪತ್ರಿಕೆಗಳಲ್ಲಿ ಇನ್ನಷ್ಟು ದೊಡ್ಡದಾಗಿ ಬರಬೇಕಾಗಿದ್ದ ಸುದ್ದಿ.

ಇಂಥ ಕೃತಿಗಳನ್ನು ಪ್ರತಿಷ್ಠಾಪನ ಕಲೆ ಎಂದು ಕರೆಯುತ್ತಾರೆ. ಹೆಸರು ಕೇಳಿ ಹಿಂಜರಿಯಬೇಕಿಲ್ಲ. ಸಂಕ್ರಮಣದ ಜಾತ್ರೆಯಲ್ಲಿ ಸಿದ್ಧರಾಮೇಶ್ವರರ ಏಳು ನಂದಿಧ್ವಜಗಳು ಸೋಲಾಪುರದ ಬೀದಿಯಲ್ಲಿ ಸಾಗುವುದನ್ನು ಕಂಡ ಮಗುವಿಗೆ, ಒಂದು ವಸ್ತು ತಾನು ನಿಂತ ಜಾಗವನ್ನೇ ಹೇಗೆ ಬೇರೆಯಾಗಿಸುತ್ತದೆ ಎಂಬುದು ಗೊತ್ತಿದೆ. ಮುಗಿಲೆತ್ತರದ ಕೋಲನ್ನು ಒಬ್ಬನೇ ಮನುಷ್ಯ ಸೊಂಟದ ಬಲದಲ್ಲಿ ಹೊತ್ತು ನಡೆಯುವಾಗ ಇಡೀ ಬೀದಿ ಉಸಿರು ಬಿಗಿಹಿಡಿಯುತ್ತದೆ. ಜಾತ್ರೆಯಲ್ಲಿರುವುದು ಭಕ್ತಿ, ಚಿತ್ರಶಾಲೆಯಲ್ಲಿರುವುದು ಪ್ರಶ್ನೆ. ಈ ವ್ಯತ್ಯಾಸ ದೊಡ್ಡದೇ. ಆದರೂ ಭಾರ, ಎತ್ತರ, ಸಮತೋಲ, ಕಾಯುವಿಕೆ ಇವುಗಳನ್ನು ಓದುವ ಕಣ್ಣು ಎರಡಕ್ಕೂ ಒಂದೇ. "ಇದರ ಅರ್ಥವೇನು?" ಎಂದು ಮೊದಲೇ ಕೇಳುವ ಬದಲು, "ಇದು ಯಾವುದರಿಂದ ಮಾಡಿದ್ದು, ಹೇಗೆ ನಿಂತಿದೆ, ಇದರ ಹತ್ತಿರ ಬಂದಾಗ ನಾವೇಕೆ ಮೆಲ್ಲಗೆ ನಡೆದೆವು?" ಎಂದು ಕೇಳುವುದು ಲೇಸು. ಅರ್ಥವು ಹಿಂದಿನಿಂದ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ. ಬರದಿದ್ದರೆ ನಷ್ಟವೇನೂ ಇಲ್ಲ.

ಕೊನೆಗೆ ಕೆಲವು ವ್ಯವಹಾರದ ಮಾತುಗಳು. ಭಾನುವಾರ, ಸೋಮವಾರ, ಬುಧವಾರಗಳನ್ನು ಬಿಟ್ಟರೆ ಎಲ್ಲವೂ ತೆರೆದಿರುವ ದಿನಗಳು ಉಳಿಯುತ್ತವೆ. ಶಾಲೆಯ ಮಕ್ಕಳಿಗೆ ಶನಿವಾರ ಅನುಕೂಲ. ಬಹುತೇಕ ಕಲಾಶಾಲೆಗಳು 11 ಗಂಟೆಗೆ ತೆರೆಯುತ್ತವೆ. ರಾತ್ರಿಯ ಗಾಡಿಯಿಂದ ಇಳಿದವರಿಗೆ ಅಲ್ಲಿಯವರೆಗೆ ಮರೀನ್ ಡ್ರೈವ್‌ನ ಸಮುದ್ರವಿದೆ. ಒಂದು ದಿನಕ್ಕೆ ಮೂರು ಜಾಗ ಸಾಕು. ಐದಾದರೆ ಕಾಲು ದಣಿಯುತ್ತದೆ, ಕಣ್ಣು ಮುಚ್ಚುತ್ತದೆ. ಪ್ರತಿ ಮಗುವಿನ ಕೈಯಲ್ಲಿ ಒಂದು ವಹಿ, ಒಂದು ಪೆನ್ಸಿಲು ಇರಲಿ. ಮೆಚ್ಚಿದ ಒಂದೇ ಒಂದು ಕೃತಿಯ ಮುಂದೆ ಕುಳಿತು ಅದನ್ನು ಬರೆದುಕೊಂಡು, ಕೆಳಗೆ ಕನ್ನಡದಲ್ಲಿ ನಾಲ್ಕು ವಾಕ್ಯ ಬರೆಯಲಿ. ಫೋನಿನಲ್ಲಿ ನೂರು ಫೋಟೊ ತೆಗೆಯುವುದಕ್ಕಿಂತ ಅದು ಮೇಲು.

ಕಲಾ ಸಂಚಾಲನಾಲಯದವರು ನಡೆಸುವ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ಕೂಡುವ ಮಕ್ಕಳಿಗೆ ಈ ಅಭ್ಯಾಸ ನೇರವಾಗಿ ಉಪಯೋಗಕ್ಕೆ ಬರುತ್ತದೆ. ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ ಯಾವುದಕ್ಕೂ ಮಾಧ್ಯಮದ ಅಡ್ಡಿಯಿಲ್ಲ. ಇಂಟರ್‌ಮೀಡಿಯೆಟ್ ಪಾಸಾದವರಿಗೆ ಹತ್ತನೆಯ ತರಗತಿಯಲ್ಲಿ ಶ್ರೇಣಿಗೆ ತಕ್ಕಂತೆ ಹೆಚ್ಚುವರಿ ಅಂಕಗಳೂ ಉಂಟು. ಒಂಟಿಯಾಗಿ ಹೋಗಲಾರದ ಮನೆಗಳವರು ಶಾಲೆಯ ಮೂಲಕವೇ ಹೋಗಬಹುದು. ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಕಲಮಿನಂತೆ ಶಾಲಾ ವ್ಯವಸ್ಥಾಪನ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು. ಪ್ರತಿವರ್ಷದ ಸಹಲಿಗೆ ನೀರಿನ ಪಾರ್ಕನ್ನು ಗೊತ್ತುಮಾಡುವ ಸಮಿತಿಯೇ ಒಂದು ವರ್ಷ ಕಾಳಾ ಘೋಡಾವನ್ನೂ ಗೊತ್ತುಮಾಡಬಹುದು. ಅದಕ್ಕೆ ಬೇಕಾದುದು ಒಂದು ಠರಾವು, ಒಬ್ಬ ಸೂಚಕ, ಒಬ್ಬ ಅನುಮೋದಕ.

ತಂಗಿಯ ಮಗಳ ಮಾಧ್ಯಮದ ಚರ್ಚೆ ಅವರ ಮನೆಯಲ್ಲಿ ಇನ್ನೂ ಮುಗಿದಿಲ್ಲ. ತಾಯ್ತಂದೆಯರು ತೂಗಿ ನೋಡಬೇಕಾದ ಸಂಗತಿಗಳು ಹಲವಿವೆ. ಒಂದು ಚಿತ್ರಶಾಲೆಯಿಂದ ಅವೆಲ್ಲ ತೀರುವುದಿಲ್ಲ. ಆದರೆ ದೊಡ್ಡ ಊರಿನಲ್ಲಿ ಹುಡುಗಿ ಬಾಯಿ ಬಿಡಲಾರಳೆಂಬ ವಾದವನ್ನು ಈಗ ಆ ಮನೆಯಲ್ಲಿ ಯಾರೂ ಮುಂದಿಡುವುದಿಲ್ಲ.